ಮೇಲುಗದ್ದೆಗೆ ಕೆಳಗದ್ದೆಯ ಹಂಗು

ಬೆಟ್ಟದ ಓರೆಯಲ್ಲಿ ಒಂದರ ಕೆಳಗೊಂದರಂತೆ ಎರಡು ಗದ್ದೆಗಳಿವೆ ಎಂದುಕೊಳ್ಳಿ. ಮೇಲಿನದಕ್ಕೊಬ್ಬ ಒಡೆಯ, ಕೆಳಗಿನದಕ್ಕೆ ಇನ್ನೊಬ್ಬ. ಹಳ್ಳದ ನೀರು ಮೊದಲು ಮುಟ್ಟುವುದು ಮೇಲಿನವನ ಬದುವನ್ನು. ಅವನು ತನಗೆ ಬೇಕಾದಷ್ಟನ್ನು ಹಿಡಿದಿಟ್ಟುಕೊಂಡು ಮಿಕ್ಕಿದ್ದನ್ನು ಬಿಟ್ಟರೆ ಕೆಳಗಿನವನ ಮನೆಯ ಒಲೆ ಉರಿಯುತ್ತದೆ; ಬಿಡದಿದ್ದರೆ ಇಲ್ಲ. ಕೆಳಗಿನವನು ಎಷ್ಟು ಕೂಗಾಡಿದರೂ ನೀರು ಅವನ ಮಾತನ್ನು ಕೇಳುವುದಿಲ್ಲ, ಇಳಿಜಾರಿನ ಮಾತನ್ನು ಕೇಳುತ್ತದೆ. ಹೀಗಿರುವಲ್ಲಿ ಮೇಲಿನವನು ನೀರನ್ನು ಏಕಾದರೂ ಬಿಡಬೇಕು? ಧರ್ಮಬುದ್ಧಿಯಿಂದ ಬಿಟ್ಟಾನು ಎನ್ನಬಹುದು. ದಂಡದ ಭಯದಿಂದ ಬಿಟ್ಟಾನು ಎನ್ನಬಹುದು. ಆದರೆ ತುಂಗಭದ್ರೆಯ ಕಾಲುವೆಗಳ ಕೊನೆಭಾಗದಲ್ಲಿ ಬಾಯಾರಿ ನಿಂತ ಪೈರನ್ನು ನೋಡುತ್ತ ಕುಳಿತ ರೈತನನ್ನು ಕೇಳಿದರೆ, ಈ ಎರಡು ಉತ್ತರಗಳ ಮೇಲೂ ಆತನಿಗೆ ಅಷ್ಟೇನೂ ಭರವಸೆಯಿಲ್ಲವೆಂಬುದು ತಿಳಿದೀತು.

ಇಂಡೊನೇಷ್ಯದ ಬಾಲಿ ದ್ವೀಪದ ರೈತರು ಸಾವಿರ ವರ್ಷಗಳಿಂದ ಈ ಪ್ರಶ್ನೆಯೊಡನೆ ಬಾಳಿ ಬಂದಿದ್ದಾರೆ. ಅವರು ಕಂಡುಕೊಂಡಿರುವ ಉತ್ತರದಲ್ಲಿ ಧರ್ಮವೂ ಉಂಟು, ದಂಡವೂ ಉಂಟು. ಅವೆರಡರ ಜೊತೆಗೆ ಒಂದು ಹುಳುವೂ ಉಂಟು. ಆ ಹುಳುವಿನ ಪಾತ್ರವೇನೆಂಬುದನ್ನು ಲೋಕಕ್ಕೆ ತಿಳಿಯಪಡಿಸಿದವರು ಅಮೆರಿಕದ ಮಾನವಶಾಸ್ತ್ರಜ್ಞ ಜೆ. ಸ್ಟೀಫನ್ ಲ್ಯಾನ್ಸಿಂಗ್. ಬಾಲಿಯ ದೇವಾಲಯಗಳನ್ನೂ ಉತ್ಸವಗಳನ್ನೂ ಅಭ್ಯಸಿಸುತ್ತಿದ್ದ ಇವರು, ಕೊನೆಗೆ ಬತ್ತದ ಗದ್ದೆಯ ಕೆಸರಿನಲ್ಲಿ ಕಾಲಿಟ್ಟು ನಿಲ್ಲಬೇಕಾಗಿ ಬಂದುದೇ ಒಂದು ಸೋಜಿಗದ ಕಥೆ.

ಬಾಲಿ ಒಂದು ಪುಟ್ಟ ದ್ವೀಪ. ಅದರ ನಡುವೆ ಸಾಲಾಗಿ ಅಗ್ನಿಪರ್ವತಗಳು. ಅವುಗಳಲ್ಲಿ ಬಾತುರ್ ಎಂಬುದರ ವಿಶಾಲವಾದ ಬಾಯಿಯೊಳಗೆ ಒಂದು ಸರೋವರವಿದೆ. ಸರೋವರದಿಂದ ಹೊರಕ್ಕೆ ಹರಿಯುವ ಹೊಳೆ ಒಂದೂ ಇಲ್ಲ. ಆದರೂ ಬೆಟ್ಟದ ಕೆಳ ಇಳಿಜಾರುಗಳಲ್ಲಿ ಚಿಮ್ಮುವ ಬುಗ್ಗೆಗಳಿಗೆಲ್ಲ ತಾಯಿ ಈ ಸರೋವರವೇ ಎಂಬುದು ಜನರ ನಂಬಿಕೆ. ಸರೋವರಕ್ಕೆ ಒಡತಿ ದೇವಿ ದಾನು. ನೀರೆಲ್ಲವೂ ಆಕೆಯದು, ರೈತನು ಅದನ್ನು ಬೇಡಿ ಪಡೆಯುವವನು. ಬಾಲಿಯ ಜನರು ಹಿಂದೂಗಳು. ತಮ್ಮ ಮತವನ್ನು ಅವರು ‘ಆಗಮ ತೀರ್ಥ’ ಎಂದು ಕರೆದುಕೊಳ್ಳುವುದುಂಟು. ಕನ್ನಡಿಗನಿಗೆ ಈ ಎರಡು ಮಾತುಗಳನ್ನು ಬಿಡಿಸಿ ಹೇಳಬೇಕಾದುದಿಲ್ಲ. ಬತ್ತದ ದೇವತೆಯನ್ನು ಅವರು ದೇವಿ ಶ್ರೀ ಎನ್ನುತ್ತಾರೆ. ಹಡಗನ್ನೇರಿ ಹೋದ ಹೆಸರುಗಳು ಎಷ್ಟು ದೂರದ ಕೆಸರಿನಲ್ಲಿ ಬೇರುಬಿಟ್ಟಿವೆ, ನೋಡಿ!

ಅಲ್ಲಿನ ಹೊಳೆಗಳು ಅಗ್ನಿಪರ್ವತದ ಮೆದುಕಲ್ಲನ್ನು ಕೊರೆದು ಆಳವಾದ ಕಮರಿಗಳ ತಳದಲ್ಲಿ ಹರಿಯುತ್ತವೆ. ದಂಡೆಯ ಮೇಲಿನ ಗದ್ದೆಗೆ ಆ ನೀರು ಹತ್ತುವುದಿಲ್ಲ. ಆದುದರಿಂದ ಬಹಳ ಮೇಲೆ, ಹೊಳೆಯು ಇನ್ನೂ ಎತ್ತರದಲ್ಲಿರುವೆಡೆ ಒಡ್ಡು ಕಟ್ಟಿ, ಅಲ್ಲಿಂದ ಗುಡ್ಡದ ಹೊಟ್ಟೆಯೊಳಗೆ ಸುರಂಗ ತೋಡಿ, ನೀರನ್ನು ಪಕ್ಕದ ಏಣಿನ ಮೇಲಕ್ಕೆ ತರಬೇಕಾಗುತ್ತದೆ. ಕಿಲೊಮೀಟರಿಗೂ ಮಿಕ್ಕ ಉದ್ದದ ಸುರಂಗಗಳಿವೆ. ಒಂಬತ್ತನೆಯ ಶತಮಾನದ ಶಾಸನಗಳಲ್ಲಿಯೇ ಸುರಂಗ ಕೊರೆಯುವ ಕುಶಲಿಗಳ ಉಲ್ಲೇಖವಿದೆ. ಇಷ್ಟು ಕಷ್ಟಪಟ್ಟು ತಂದ ನೀರು ಒಬ್ಬನ ಸೊತ್ತಾಗಲಾರದು. ಒಂದೇ ಕಾಲುವೆಯ ನೀರುಣ್ಣುವ ರೈತರೆಲ್ಲ ಸೇರಿದ ಕೂಟಕ್ಕೆ ‘ಸುಬಕ್’ ಎಂದು ಹೆಸರು. ಒಂದು ಸುಬಕ್ಕಿನಲ್ಲಿ ಸಾಮಾನ್ಯವಾಗಿ ನೂರರ ಆಸುಪಾಸು ಒಕ್ಕಲು. ದ್ವೀಪದಲ್ಲಿ ಇಂಥ ಕೂಟಗಳು ಸಾವಿರಕ್ಕಿಂತ ಹೆಚ್ಚಾಗಿವೆ.

ನೀರನ್ನು ಪಾಲು ಮಾಡುವ ಅವರ ಸಾಧನ ಅತಿ ಸರಳವಾದುದು. ಕಾಲುವೆಗೆ ಅಡ್ಡವಾಗಿ ಒಂದು ಮರದ ದಿಮ್ಮಿ. ಅದರಲ್ಲಿ ಅಳತೆ ಮಾಡಿ ಕಡಿದ ಕಚ್ಚುಗಳು. ಇದಕ್ಕೆ ‘ತೆಮುಕು’ ಎಂದು ಹೆಸರು. ಹೊಳೆ ತುಂಬಿದರೂ ಸರಿ, ಸೊರಗಿದರೂ ಸರಿ, ಬಂದಷ್ಟು ನೀರು ಅದೇ ಪ್ರಮಾಣದಲ್ಲಿ ಒಡೆದು ಹೋಗುತ್ತದೆ. ತಿರುಗಿಸಬೇಕಾದ ತಿರುಪಿಲ್ಲ, ಬೀಗವಿಲ್ಲ, ಗುಮಾಸ್ತನಿಲ್ಲ. ಯಾರಾದರೂ ಕಚ್ಚನ್ನು ಅಗಲಿಸಿದರೆ ದಾರಿಯಲ್ಲಿ ಹೋಗುವ ಹುಡುಗನಿಗೂ ಅದು ಕಾಣುತ್ತದೆ.

ಸುಬಕ್ಕಿನ ಸಭೆ ಗೊತ್ತಾದ ದಿನಗಳಲ್ಲಿ ಕೂಡುತ್ತದೆ. ತಪ್ಪಿಸಿಕೊಂಡವನಿಗೆ ದಂಡ. ಕಾಲುವೆಯ ಹೂಳೆತ್ತುವ ದಿನ ಬಾರದವನಿಗೂ ದಂಡ. ಮುಖ್ಯಸ್ಥನನ್ನು ಸದಸ್ಯರೇ ಆರಿಸುತ್ತಾರೆ. ಬಾಲಿಯ ಸಮಾಜದಲ್ಲಿ ಜಾತಿಯ ಮೇಲುಕೀಳು ಇಲ್ಲವೆಂದಲ್ಲ. ಮಾತನಾಡುವ ಭಾಷೆಯಲ್ಲಿಯೇ ಮೇಲಿನವನಿಗೊಂದು ಪರಿ, ಕೆಳಗಿನವನಿಗೊಂದು ಪರಿ ಇದೆ. ಸುಬಕ್ಕಿನ ಸಭೆಯಲ್ಲಾದರೋ ಎಲ್ಲರೂ ಎಲ್ಲರೊಡನೆಯೂ ಮರ್ಯಾದೆಯ ಭಾಷೆಯನ್ನೇ ಆಡಬೇಕು. ಬ್ರಾಹ್ಮಣನಿಗಾಗಲಿ ಅರಸು ಮನೆತನದವನಿಗಾಗಲಿ ಗದ್ದೆಯಿದ್ದರೆ, ಅವನೂ ಅಲ್ಲಿ ಬರಿಯ ಒಬ್ಬ ಸದಸ್ಯ. ಅವನ ಕೂಗು ಒಂದೇ ಕೂಗು. ಊರೊಳಗೆ ಬಗ್ಗಿ ನಡೆಯುವ ಒಕ್ಕಲಿಗನು ಸುಬಕ್ಕಿನ ಮುಖ್ಯಸ್ಥನಾಗಿ ಅರಸುಮಗನಿಗೆ ದಂಡ ಹಾಕಬಲ್ಲನೆಂದರೆ, ಆ ಸಭೆಯ ಗೌರವ ಎಷ್ಟೆಂಬುದನ್ನು ಊಹಿಸಿಕೊಳ್ಳಬಹುದು.

ಆದರೆ ಒಂದು ಸುಬಕ್ ತನ್ನೊಳಗೆ ಎಷ್ಟು ನ್ಯಾಯವಾಗಿದ್ದರೇನು? ಅದರ ಕೆಳಗೆ ಇನ್ನೊಂದು ಸುಬಕ್ ಇದೆ, ಅದರ ಕೆಳಗೆ ಮತ್ತೊಂದು. ಎರಡು ಗದ್ದೆಗಳ ನಡುವಿನ ಪ್ರಶ್ನೆ ಇಲ್ಲಿ ನೂರು ಗದ್ದೆಗಳ ಗುಂಪಿಗೂ ಇನ್ನೊಂದು ನೂರರ ಗುಂಪಿಗೂ ನಡುವೆ ಏಳುತ್ತದೆ. ಈ ಮೆಟ್ಟಿಲಿನಲ್ಲಿ ಬರುವುದೇ ದೇವಾಲಯ. ಹೊಲದ ಮೂಲೆಯಲ್ಲಿ ಒಂದು ಪುಟ್ಟ ಗುಡಿ. ಸುಬಕ್ಕಿನ ಗದ್ದೆಗಳಿಗೆ ನೀರು ಹೊಗುವೆಡೆ ಇನ್ನೊಂದು. ಹಲವು ಸುಬಕ್‌ಗಳಿಗೆ ಸೇರಿದಂತೆ ‘ಮಸ್ಚೇತಿ’ ಎಂಬ ದೊಡ್ಡ ಗುಡಿ. ಎಲ್ಲಕ್ಕೂ ಮೇಲೆ ಬಾತುರ್ ಸರೋವರದ ಮಹಾದೇವಾಲಯ. ಮೇಲಿನ ಗುಡಿಯ ತೀರ್ಥವನ್ನು ಕೆಳಗಿನ ಗುಡಿಗೆ ತಂದು ಬೆರೆಸುತ್ತಾರೆ. ಹೀಗೆ ನೀರು ಹೋದ ದಾರಿಯಲ್ಲೆಲ್ಲ ತೀರ್ಥವೂ ಹೋಗುತ್ತದೆ. ಮಸ್ಚೇತಿಯ ಅಂಗಳದಲ್ಲಿ ಪೂಜೆಗೆಂದು ಸೇರಿದ ಸುಬಕ್‌ಗಳ ಪ್ರತಿನಿಧಿಗಳೇ, ಪೂಜೆ ಮುಗಿದ ಮೇಲೆ ಅಲ್ಲಿಯೇ ಕುಳಿತು, ಈ ಹಂಗಾಮಿಗೆ ಯಾವ ಸುಬಕ್ ಎಂದು ನಾಟಿ ಮಾಡಬೇಕು, ಯಾವ ತಳಿಯನ್ನು ಹಾಕಬೇಕು, ಎಷ್ಟು ದಿನ ಗದ್ದೆಯನ್ನು ಬೀಳುಬಿಡಬೇಕು ಎಂಬುದನ್ನು ಗೊತ್ತುಮಾಡುತ್ತಾರೆ.

ಬಾತುರಿನ ಮಹಾದೇವಾಲಯಕ್ಕೆ ತನ್ನದೇ ಒಂದು ಚರಿತ್ರೆಯಿದೆ. ಮೊದಲು ಅದು ಕೆಳಗೆ ಸರೋವರದ ಬದಿಯಲ್ಲಿದ್ದಿತು. 1917ರಲ್ಲಿ ಪರ್ವತವು ಉಗುಳಿದ ಬೆಂಕಿಯ ಹೊನಲು ದೇವಾಲಯದ ಬಾಗಿಲವರೆಗೆ ಬಂದು ನಿಂತುಬಿಟ್ಟಿತು. ದೇವಿಯೇ ತಡೆದಳೆಂದುಕೊಂಡು ಜನರು ಅಲ್ಲಿಯೇ ಉಳಿದರು. 1926ರಲ್ಲಿ ಅದು ನಿಲ್ಲಲಿಲ್ಲ. ಊರೂ ಗುಡಿಯೂ ಮುಚ್ಚಿಹೋದುವು. ಜನರು ಮೇಲಿನ ಅಂಚಿಗೆ ಏರಿಹೋಗಿ ಹೊಸ ದೇವಾಲಯವನ್ನು ಕಟ್ಟಿಕೊಂಡರು. ಅಲ್ಲಿಯ ಹಿರಿಯ ಅರ್ಚಕನಿಗೆ ಜೆರೊ ಗೆದೆ ಎಂದು ಬಿರುದು. ಒಬ್ಬ ಜೆರೊ ಗೆದೆ ತೀರಿಕೊಂಡರೆ, ಮೈಮೇಲೆ ದೇವರು ಬಂದ ಅರ್ಚಕಿಯೊಬ್ಬಳ ಬಾಯಿಂದ ಮುಂದಿನವನ ಗುರುತು ಹೊರಡುತ್ತದೆ. ಬಹುಶಃ ಅವನಿನ್ನೂ ಚಿಕ್ಕ ಹುಡುಗ. ಅಂದಿನಿಂದ ಅವನು ಕೂದಲು ಕತ್ತರಿಸುವುದಿಲ್ಲ, ಬಿಳಿಯ ಬಟ್ಟೆಯನ್ನಲ್ಲದೆ ಉಡುವುದಿಲ್ಲ. ಇನ್ನೂರಕ್ಕಿಂತ ಹೆಚ್ಚು ಸುಬಕ್‌ಗಳು ವರ್ಷದ ದೊಡ್ಡ ಉತ್ಸವಕ್ಕೆ ಬತ್ತ, ತೆಂಗು, ಪ್ರಾಣಿಗಳನ್ನು ಕಾಣಿಕೆಯಾಗಿ ತರುತ್ತವೆ. ಹೊಸ ಬುಗ್ಗೆಯೊಂದು ಕಂಡರೆ, ಹೊಸ ಕಾಲುವೆಯನ್ನು ತೋಡಬೇಕೆಂದರೆ, ಜನರು ಇವನ ಬಳಿಗೆ ಬಂದು ಕೇಳಿಕೊಳ್ಳುತ್ತಾರೆ. ಈತನ ಕೈಯಲ್ಲಿ ಪೋಲೀಸರಿಲ್ಲ. ಮಾತೊಂದೇ ಇದೆ.

ದಿನಗಣನೆಗೆ ಅವರಲ್ಲಿ 210 ದಿನಗಳ ಒಂದು ಪಂಚಾಂಗ. ಅದರಲ್ಲಿ ಏಳು ದಿನದ ವಾರವೊಂದೇ ಅಲ್ಲದೆ ಮೂರು ದಿನದ್ದು, ಐದು ದಿನದ್ದು, ಹೀಗೆ ಒಂದರಿಂದ ಹತ್ತರವರೆಗಿನ ಹತ್ತು ಬಗೆಯ ವಾರಗಳು ಜೊತೆಜೊತೆಯಾಗಿ ಸುತ್ತುತ್ತಿರುತ್ತವೆ. ಹೊರಗಿನವನಿಗೆ ತಲೆ ಸುತ್ತುವಂಥ ಈ ಲೆಕ್ಕವು ಹಲವು ಸುಬಕ್‌ಗಳ ನೀರಿನ ಸರದಿಯನ್ನು ಒಂದಕ್ಕೊಂದು ತೊಡರದಂತೆ ಹೆಣೆಯುವುದಕ್ಕೆ ಬಹಳ ಅನುಕೂಲ. ಮರದ ಹಲಗೆಯ ಮೇಲೆ ಗುರುತುಗಳನ್ನು ಕೊರೆದ ‘ತಿಕ’ ಎಂಬುದನ್ನು ನೋಡಿಕೊಂಡೇ ರೈತನು ತನ್ನ ಸರದಿಯನ್ನು ತಿಳಿಯುತ್ತಿದ್ದನು.

ಇಂಥ ನಾಡಿಗೆ 1970ರ ದಶಕದ ಮೊದಲಿನಲ್ಲಿ ಹಸಿರು ಕ್ರಾಂತಿ ಬಂದಿತು. ಅದನ್ನು ತಂದವರು ಕೆಟ್ಟವರೇನಲ್ಲ. ಇಂಡೊನೇಷ್ಯದಲ್ಲಿ ಉಣ್ಣುವ ಬಾಯಿಗಳು ಬಹಳ, ಬೆಳೆಯುವ ಅಕ್ಕಿ ಸಾಲದು. ಆ ದೇಶವು ಹೊರಗಿನಿಂದ ಅಪಾರ ಅಕ್ಕಿಯನ್ನು ತರಿಸಿಕೊಳ್ಳುತ್ತಿದ್ದ ಕಾಲ. ಫಿಲಿಪೀನ್ಸಿನ ಸಂಶೋಧನಾಲಯವು 1966ರಲ್ಲಿ ಹೊರತಂದ ಐ.ಆರ್.-8 ಎಂಬ ಗಿಡ್ಡ ತಳಿಯೂ ಅದರ ಹಿಂದೆ ಬಂದ ತಳಿಗಳೂ ಬೇಗ ಮಾಗಿ ಹೆಚ್ಚು ಕಾಳು ಕಟ್ಟುತ್ತಿದ್ದುವು. ಬೀಜ, ರಸಗೊಬ್ಬರ, ಕೀಟನಾಶಕ, ಸಾಲ ಎಲ್ಲವನ್ನೂ ಒಂದೇ ಗಂಟು ಕಟ್ಟಿ ಸರಕಾರವು ರೈತನ ಕೈಗಿತ್ತಿತು. ನಾಡತಳಿಗಳನ್ನು ಕೈಬಿಡಿರಿ, ಗದ್ದೆಯನ್ನು ಸುಮ್ಮನೆ ಬಿಡಬೇಡಿರಿ, ಸಾಧ್ಯವಾದಷ್ಟು ಸಲ ಬೆಳೆಯಿರಿ ಎಂದು ಅಧಿಕಾರಿಗಳು ಒತ್ತಾಯಪಡಿಸಿದರು. ಪಕ್ಕದವನು ಎಂದು ನಾಟಿ ಮಾಡುವನೆಂದು ಕಾಯಬೇಕಾದ ಅಗತ್ಯವೇನು? ಗುಡಿಯ ಪಂಚಾಂಗವನ್ನು ನೋಡುವ ಅಗತ್ಯವೇನು? 1977ರ ಹೊತ್ತಿಗೆ ದಕ್ಷಿಣ ಬಾಲಿಯ ಗದ್ದೆಗಳಲ್ಲಿ ನೂರಕ್ಕೆ 70ರಷ್ಟು ಹೊಸ ತಳಿಗಳಿಗೆ ತಿರುಗಿದ್ದುವು.

ಮೊದಲ ಬೆಳೆಗಳು ನಿಜವಾಗಿಯೂ ಚೆನ್ನಾಗಿಯೇ ಬಂದುವು. ಆಮೇಲೆ ಬಂದಿತು ಕಂದುಜಿಗಿ ಹುಳು. ಕರ್ನಾಟಕದ ಬತ್ತದ ಬಯಲಿನಲ್ಲಿಯೂ ಈ ಹೆಸರು ಅಪರಿಚಿತವಲ್ಲ. ಬುಡದ ಬಳಿ ಗುಂಪುಗುಂಪಾಗಿ ಕುಳಿತು ರಸ ಹೀರುವ ಅಕ್ಕಿಕಾಳಿನಷ್ಟರ ಈ ಜೀವಿ ಗದ್ದೆಯನ್ನು ಹೊಕ್ಕರೆ, ನಿನ್ನೆ ಹಸಿರಾಗಿದ್ದ ಪೈರು ಬೆಂಕಿ ತಗಲಿದಂತೆ ಕಂದಿ ಮಲಗಿಬಿಡುತ್ತದೆ. ಬಾಲಿಯಲ್ಲಿ ಔಷಧಿಯನ್ನು ಸಿಂಪಡಿಸಿದರು. ಔಷಧಿಯು ಜಿಗಿ ಹುಳುವಿಗಿಂತ ಮೊದಲು ಅದನ್ನು ತಿನ್ನುವ ಜೇಡಗಳನ್ನು ಕೊಂದಿತು. ಈ ಹುಳುವಿಗೆ ಮಣಿಯದ ಐ.ಆರ್.-36 ಎಂಬ ತಳಿಯನ್ನು ತಂದರು. ಅದಕ್ಕೆ ಟುಂಗ್ರೋ ರೋಗ ಹತ್ತಿತು. ಟುಂಗ್ರೋವನ್ನು ತಾಳುವ ಇನ್ನೊಂದು ತಳಿಯನ್ನು ತಂದರು. ಅದಕ್ಕೆ ಬೇರೊಂದು ಜಾಡ್ಯ. ವಿಜ್ಞಾನಿಗಳು ಒಂದು ಹೆಜ್ಜೆ ಮುಂದಿಟ್ಟರೆ ಹುಳುವೂ ರೋಗವೂ ಎರಡು ಹೆಜ್ಜೆ ಮುಂದಿಡುತ್ತಿದ್ದುವು. ಸಾಲವನ್ನು ತೀರಿಸಬೇಕಾದವನು ಮಾತ್ರ ರೈತನೇ.

ಈ ನಡುವೆ 1979ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಹಣದಿಂದ ಬಾಲಿಯ ನೀರಾವರಿಯನ್ನು ಸುಧಾರಿಸುವ ಯೋಜನೆಯೊಂದು ಹೊರಟಿತು. ಸುಮಾರು 4 ಕೋಟಿ ಡಾಲರುಗಳ ಖರ್ಚು. 36 ಒಡ್ಡುಗಳನ್ನು ಹೊಸದಾಗಿ ಕಾಂಕ್ರೀಟಿನಲ್ಲಿ ಕಟ್ಟಿ, ಕಚ್ಚು ಕಡಿದ ದಿಮ್ಮಿಗಳ ಬದಲು ಏರಿಸಿ ಇಳಿಸುವ ಕಬ್ಬಿಣದ ಬಾಗಿಲುಗಳನ್ನು ಅಳವಡಿಸಿದರು. ಹೊಳೆಯಲ್ಲಿ ದಿನದಿನಕ್ಕೆ ಎಷ್ಟು ನೀರು ಬರುತ್ತದೆಂಬುದನ್ನು ಅಳೆದು, ಲೆಕ್ಕ ಹಾಕಿ, ಬಾಗಿಲನ್ನು ಅಷ್ಟಷ್ಟೇ ತೆರೆಯಬೇಕು. ಕಾಗದದ ಮೇಲೆ ಇದು ಅಚ್ಚುಕಟ್ಟಾದ ಏರ್ಪಾಡು. ಆದರೆ ಬೆಟ್ಟದ ಹೊಳೆಯಲ್ಲಿ ಬೆಳಗಿನ ನೀರು ಸಂಜೆಗಿರುವುದಿಲ್ಲ. ದಿನವೂ ಅಳೆಯಲು ಬರುವವರಾರು? ಯಂತ್ರಗಳನ್ನು ರೈತರು ಸಮಯ ನೋಡಿ ಕಿತ್ತುಹಾಕಿ ಹಳೆಯ ಪದ್ಧತಿಗೆ ಮರಳಿದ ಪ್ರಸಂಗಗಳು ನಡೆದುವು. ಇಂಜಿನಿಯರರಿಗೆ ಇದು ಅಜ್ಞಾನವಾಗಿ ಕಂಡಿತು. ನೀರಿನ ಶಾಸ್ತ್ರ ಬಲ್ಲವನಿರುವಲ್ಲಿ ಅರ್ಚಕನಿಗೇನು ಕೆಲಸವೆಂಬುದೇ ಅವರಲ್ಲಿ ಹಲವರ ಭಾವನೆ. ಗುಡಿ ಬೇರೆ, ಗದ್ದೆ ಬೇರೆ ಎಂದು ಅವರ ಶಾಲೆಗಳಲ್ಲಿ ಕಲಿಸಿದ್ದರು. ತಪ್ಪು ಅವರೊಬ್ಬರದೇ ಎನ್ನುವಂತಿಲ್ಲ.

ಲ್ಯಾನ್ಸಿಂಗರು ಗುಡಿಯ ಕಡೆಯಿಂದ ಗದ್ದೆಗೆ ಬಂದವರಾದುದರಿಂದ ಅವರಿಗೆ ಬೇರೆಯೇ ಒಂದು ಸಂಗತಿ ಹೊಳೆಯಿತು. ದೇವಾಲಯಗಳ ಪಂಚಾಂಗವು ನೀರನ್ನು ಹಂಚುತ್ತಿದ್ದುದಲ್ಲದೆ ಗದ್ದೆಗಳ ಬೀಳನ್ನೂ ಹಂಚುತ್ತಿದ್ದಿತು. ಸುತ್ತಲಿನ ಗದ್ದೆಗಳೆಲ್ಲ ಒಟ್ಟಿಗೆ ಕೊಯ್ಲಾಗಿ, ಕೂಳೆಯನ್ನು ಸುಟ್ಟು ಅಥವಾ ನೀರಲ್ಲಿ ಮುಳುಗಿಸಿ, ಕೆಲವು ವಾರ ಖಾಲಿಯಾಗಿ ಬಿದ್ದರೆ ಹುಳುವಿಗೆ ತಿನ್ನಲು ಎಲೆಯಿಲ್ಲ, ಇಲಿಗೆ ಕಾಳಿಲ್ಲ. ಒಬ್ಬನೇ ಬೀಳುಬಿಟ್ಟರೆ ಪ್ರಯೋಜನವಿಲ್ಲ. ಹುಳು ಬದು ಹಾರಿ ಪಕ್ಕದ ಗದ್ದೆಯಲ್ಲಿ ಹಬ್ಬ ಮಾಡಿ, ಇವನ ಪೈರು ಮತ್ತೆ ಹಸಿರಾದಾಗ ಹಿಂದಿರುಗುತ್ತದೆ. ಖಾಲಿ ಬೀಳುವ ಪ್ರದೇಶ ಹುಳುವಿನ ಹಾರಾಟಕ್ಕಿಂತ ದೊಡ್ಡದಾಗಿರಬೇಕು.

ಹಾಗಾದರೆ ಇಡೀ ಹೊಳೆಯ ಜಲಾನಯನದಲ್ಲಿ ಎಲ್ಲರೂ ಒಂದೇ ದಿನ ನಾಟಿ ಮಾಡಿಬಿಡಲಿ ಎನ್ನೋಣವೆ? ಆಗ ನೀರಿನ ತೊಡಕು ಬಂದಿತು. ಒಣಗಿದ ಗದ್ದೆಯನ್ನು ನೆನೆಸಿ ಕೆಸರು ಮಾಡುವಾಗಲೇ ನೀರು ಅತಿ ಹೆಚ್ಚಾಗಿ ಬೇಕಾಗುವುದು. ಎಲ್ಲರೂ ಒಮ್ಮೆಗೇ ಕೈಯೊಡ್ಡಿದರೆ ಹೊಳೆ ಸಾಲದು. ನೀರು ಸಾಲಬೇಕಾದರೆ ನಾಟಿಗಳು ಹಿಂದುಮುಂದಾಗಬೇಕು. ಹುಳು ಸಾಯಬೇಕಾದರೆ ನಾಟಿಗಳು ಒಂದಾಗಬೇಕು. ಈ ಎರಡರ ನಡುವೆ ಎಷ್ಟು ಸುಬಕ್‌ಗಳು ಜೊತೆಗೂಡಬೇಕು, ಎಲ್ಲಿ ಗೆರೆ ಎಳೆಯಬೇಕು ಎಂಬುದೇ ಮಸ್ಚೇತಿಯ ಅಂಗಳದಲ್ಲಿ ಕುಳಿತ ರೈತರು ಪ್ರತಿ ಹಂಗಾಮಿನಲ್ಲಿಯೂ ಬಿಡಿಸುತ್ತಿದ್ದ ಒಗಟು.

ಮೇಲುಗದ್ದೆಯವನ ಪ್ರಶ್ನೆಗೆ ಉತ್ತರವಿರುವುದೂ ಇಲ್ಲಿಯೇ. ಅವನಿಗೆ ನೀರಿನ ಚಿಂತೆಯಿಲ್ಲ, ಹುಳುವಿನ ಚಿಂತೆಯಿದೆ. ಅವನು ನೀರನ್ನು ತಡೆಹಿಡಿದರೆ ಕೆಳಗಿನವನು ಸುಮ್ಮನೆ ಹೊಟ್ಟೆಗಿಲ್ಲದೆ ಕೂರುವುದಿಲ್ಲ. ನೀರು ಸಿಕ್ಕಾಗ, ಒಂದೆರಡು ತಿಂಗಳು ತಡವಾಗಿ ನಾಟಿ ಮಾಡುತ್ತಾನೆ. ಮೇಲಿನವನ ಕೊಯ್ಲಾದಾಗ ಕೆಳಗೆ ಹಸಿರು ನಿಂತಿರುತ್ತದೆ. ಅಲ್ಲಿ ಕೊಬ್ಬಿದ ಹುಳು ಮುಂದಿನ ಹಂಗಾಮಿಗೆ ಮೇಲೇರಿ ಬರುತ್ತದೆ. ನೀರು ಮೇಲಿನಿಂದ ಕೆಳಕ್ಕೆ ಮಾತ್ರ ಹರಿದೀತು, ಹುಳುವಿಗೆ ಆ ಕಟ್ಟಿಲ್ಲ. ಆದುದರಿಂದ ಕೆಳಗಿನವನು ತನ್ನ ಜೊತೆಯಲ್ಲಿಯೇ ನಾಟಿ ಮಾಡಿ ತನ್ನ ಜೊತೆಯಲ್ಲಿಯೇ ಕೊಯ್ಯಬೇಕೆಂಬುದು ಮೇಲಿನವನ ಸ್ವಾರ್ಥವೇ ಆಗುತ್ತದೆ. ಅದಕ್ಕೆ ಕೊಡಬೇಕಾದ ಬೆಲೆ ನೀರು. ಲ್ಯಾನ್ಸಿಂಗರು ತಮ್ಮ ಸಂಗಡಿಗರೊಡನೆ ಹತ್ತು ಸುಬಕ್‌ಗಳಲ್ಲಿ ರೈತರನ್ನು ಕೇಳಿಸಿ ನೋಡಿದರು: ನಿಮಗೆ ಯಾವುದರ ಭಯ ಹೆಚ್ಚು, ನೀರಿನ ಕೊರತೆಯದೋ ಕೀಟದ್ದೋ? ಕಾಲುವೆಯ ತುದಿಯವರು ನೀರೆಂದರು, ತಲೆಯವರು ಹೆಚ್ಚಾಗಿ ಕೀಟವೆಂದರು. ಅರ್ಥಶಾಸ್ತ್ರಜ್ಞ ಜಾನ್ ಮಿಲ್ಲರ್ ಅವರೊಡನೆ ಸೇರಿ 2005ರಲ್ಲಿ ಈ ಲೇವಾದೇವಿಯ ಲೆಕ್ಕವನ್ನು ಅವರು ಪ್ರಕಟಿಸಿದರು.

ಇದಕ್ಕೂ ಮುನ್ನವೇ ಇನ್ನೊಂದು ಪರೀಕ್ಷೆ ನಡೆದಿತ್ತು. ಮಾತಿಗೆ ಮಣಿಯದ ಇಂಜಿನಿಯರರು ಅಂಕಿಗೆ ಮಣಿದಾರೆಂದು, ಲ್ಯಾನ್ಸಿಂಗರು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಅವರ ನೆರವಿನಿಂದ ಓಸ್ ಮತ್ತು ಪೆಟಾನು ಎಂಬ ಎರಡು ಹೊಳೆಗಳ ನಡುವಣ 172 ಸುಬಕ್‌ಗಳನ್ನು ಗಣಕಯಂತ್ರದೊಳಗೆ ಇಳಿಸಿದರು. ಮಳೆ, ಹೊಳೆಯ ಹರಿವು, ತಳಿಯ ಬೆಳವಣಿಗೆ, ಹುಳುವಿನ ಸಂತಾನ, ಅದು ಗದ್ದೆಯಿಂದ ಗದ್ದೆಗೆ ಹಬ್ಬುವ ಬಗೆ, ಇವೆಲ್ಲಕ್ಕೂ ಲೆಕ್ಕ. ಪ್ರತಿಯೊಂದು ಸುಬಕ್ಕೂ ತನ್ನಿಷ್ಟದಂತೆ ನಾಟಿ ಮಾಡಿದರೆ ಹುಳು ಮಿತಿಮೀರಿ ಇಳುವರಿ ಬಿದ್ದಿತು. ಎಲ್ಲ ಸುಬಕ್‌ಗಳೂ ಒಟ್ಟಿಗೆ ಮಾಡಿದರೆ ನೀರು ಸಾಲದೆ ಬಿದ್ದಿತು. ಇಳುವರಿ ಮೇಲಕ್ಕೆ ಹೋದುದು ಇವೆರಡರ ನಡುವಣ ಒಂದು ಅಳತೆಯಲ್ಲಿ. ಆ ಅಳತೆಯಾದರೋ ದೇವಾಲಯಗಳು ಹಿಂದಿನಿಂದ ಕಟ್ಟಿಕೊಂಡು ಬಂದಿದ್ದ ಗುಂಪುಗಳ ಅಳತೆಗೆ ಬಹುಮಟ್ಟಿಗೆ ಸರಿಹೊಂದಿತು.

ಹಾಗಾದರೆ ಈ ಜಾಣ ಅಳತೆಯನ್ನು ಹಾಕಿಕೊಟ್ಟವರು ಯಾರು? ಯಾವ ರಾಜ, ಯಾವ ಋಷಿ? ಕ್ರೆಮರ್ ಮತ್ತು ಲ್ಯಾನ್ಸಿಂಗ್ ಮತ್ತೊಂದು ಆಟ ಹೂಡಿದರು. ಗಣಕದೊಳಗಿನ ಸುಬಕ್‌ಗಳಿಂದ ದೇವಾಲಯವನ್ನೂ ಅರ್ಚಕನನ್ನೂ ತೆಗೆದುಹಾಕಿ, ಒಂದೇ ಒಂದು ಬುದ್ಧಿಯನ್ನು ಉಳಿಸಿದರು: ಸುಗ್ಗಿಯಾದ ಮೇಲೆ ನೆರೆಯವರ ಕಣಗಳತ್ತ ನೋಡು, ಯಾರ ಬೆಳೆ ನಿನ್ನದಕ್ಕಿಂತ ಚೆನ್ನಾಗಿದೆಯೋ ಅವನಂತೆ ಮುಂದಿನ ಹಂಗಾಮಿಗೆ ನಾಟಿ ಮಾಡು. ಅಷ್ಟೆ. ಮೊದಮೊದಲು ಎಲ್ಲವೂ ಅಡ್ಡಾದಿಡ್ಡಿ. ಹಂಗಾಮುಗಳು ಕಳೆದಂತೆ, ನಕ್ಷೆಯ ಮೇಲೆ ಒಂದೇ ಬಣ್ಣದ ಗುಂಪುಗಳು ತಾವಾಗಿಯೇ ಕೂಡತೊಡಗಿ, ಕೊನೆಗೆ ನಿಜವಾದ ದೇವಾಲಯಗಳ ಗುಂಪುಗಳನ್ನೇ ಹೋಲುವ ಚಿತ್ರ ಮೂಡಿತು. 172ರ ಇಳುವರಿಯೂ ಏರಿತು. ಯಾರೊಬ್ಬರೂ ಇಡಿಯನ್ನು ಕಾಣದೆಯೇ ಇಡಿ ನೆಟ್ಟಗಾದ ಬಗೆ ಇದು. 1993ರಲ್ಲಿ ಪ್ರಕಟವಾದ ಈ ಲೇಖನವು ಮಾನವಶಾಸ್ತ್ರದ ಹೊರಗಿನವರನ್ನೂ ಬೆರಗುಗೊಳಿಸಿತು.

ಅಷ್ಟರೊಳಗೆ ಬಾಲಿಯ ರೈತರು ವಿದ್ವಾಂಸರಿಗಾಗಿ ಕಾಯುತ್ತ ಕುಳಿತಿರಲಿಲ್ಲ. ಹುಳುವಿನಿಂದ ಬಸವಳಿದ ಅನೇಕ ಸುಬಕ್‌ಗಳು 1980ರ ದಶಕದ ನಡುವಿನ ವರ್ಷಗಳಲ್ಲಿ ದೇವಾಲಯದ ಸರದಿಗೆ ತಾವಾಗಿಯೇ ಮರಳಿದ್ದುವು. ಕೆಲವೆಡೆ ಸ್ಥಳದ ಅಧಿಕಾರಿಗಳೂ ಅದಕ್ಕೆ ಒಪ್ಪಿದ್ದರು. 1986ರಲ್ಲಿ ಇಂಡೊನೇಷ್ಯದ ಸರಕಾರವು ಬತ್ತಕ್ಕೆ ಸಿಂಪಡಿಸುತ್ತಿದ್ದ 57 ಬಗೆಯ ಕೀಟನಾಶಕಗಳನ್ನು ನಿಷೇಧಿಸಿತು. 1988ರಲ್ಲಿ ಅಭಿವೃದ್ಧಿ ಬ್ಯಾಂಕಿನವರು ತಮ್ಮ ಯೋಜನೆಯನ್ನು ತಾವೇ ಪರಿಶೀಲಿಸಿ, ಹಳೆಯ ಏರ್ಪಾಡಿನ ಗುಣವನ್ನು ಅರಿಯದೆ ಹೋದುದಕ್ಕೆ ದೊಡ್ಡ ಬೆಲೆ ತೆರಬೇಕಾಯಿತೆಂದು ಬರಹದಲ್ಲಿ ಒಪ್ಪಿಕೊಂಡರು. ಸಾಲ ಕೊಟ್ಟವರು ಹೀಗೆ ತಪ್ಪೊಪ್ಪಿಕೊಳ್ಳುವುದು ಅಪರೂಪವೇ. ಆದರೆ ಸಾಲವನ್ನು ಬಿಟ್ಟುಕೊಟ್ಟರೆಂದು ಭಾವಿಸಬೇಕಾದುದಿಲ್ಲ.

ಈ ಕಥೆಗೆ ಆಕ್ಷೇಪಣೆಗಳೂ ಬಂದಿವೆ, ಅವು ತಳ್ಳಿಹಾಕುವಂಥವಲ್ಲ. ಮಾನವಶಾಸ್ತ್ರಜ್ಞರೇ ಆದ ಸ್ಟೆಫಾನ್ ಹೆಲ್ಮ್‌ರೀಚ್ 1999ರಲ್ಲಿ, ಗಣಕದೊಳಗಿನ ಬಾಲಿಯಲ್ಲಿ ಅರಸನಿಲ್ಲ, ಡಚ್ಚರಿಲ್ಲ, ತೆರಿಗೆಯಿಲ್ಲ, ಚರಿತ್ರೆಯೇ ಇಲ್ಲ ಎಂಬ ಅಭಿಪ್ರಾಯದ ಟೀಕೆಯನ್ನು ಮಾಡಿದರು. ಅರಸರಿಗೆ ನೀರಾವರಿಯಲ್ಲಿ ಕೈಯಿರಲಿಲ್ಲವೆಂದು ಕ್ಲಿಫರ್ಡ್ ಗೀರ್ಟ್ಸ್ 1980ರ ತಮ್ಮ ಗ್ರಂಥದಲ್ಲಿ ವಾದಿಸಿದ್ದರು. ದೊಡ್ಡ ಒಡ್ಡುಗಳನ್ನು ಕಟ್ಟಿಸುವುದರಲ್ಲಿಯೂ ಜಗಳ ತೀರಿಸುವುದರಲ್ಲಿಯೂ ಅರಸರ ಕೈಯಿತ್ತೆಂದು ಚರಿತ್ರಕಾರರು ತೋರಿಸಿಕೊಟ್ಟಿದ್ದಾರೆ. ಎಲ್ಲ ಸುಬಕ್‌ಗಳೂ ಸಾಮರಸ್ಯದ ಬೀಡುಗಳಲ್ಲ. ಕೆಲವು ಜಗಳಗಂಟಿಗಳೆಂದು ಲ್ಯಾನ್ಸಿಂಗರೇ ಬರೆದಿದ್ದಾರೆ. ಸಭೆಯಲ್ಲಿ ಕೂಡುವವರು ಬಹುಮಟ್ಟಿಗೆ ಗಂಡಸರು. ಗದ್ದೆಯಲ್ಲಿ ಬಾಗಿ ದುಡಿದ, ಗುಡಿಗೆ ನೈವೇದ್ಯವನ್ನು ಅಣಿಮಾಡಿದ ಹೆಂಗಸರಿಗೆ ನಾಟಿಯ ದಿನವನ್ನು ಗೊತ್ತುಮಾಡುವಲ್ಲಿ ಪಾಲು ಕಡಿಮೆ. ಮರ್ಯಾದೆಯ ಭಾಷೆ ಅಷ್ಟು ದೂರಕ್ಕೆ ಹೋಗಿಲ್ಲ.

ಇನ್ನು ದೇವಿಯ ವಿಷಯ. ಗಣಕದ ಸುಬಕ್‌ಗಳು ದೇವಿಯಿಲ್ಲದೆಯೇ ಗುಂಪುಗೂಡಿದುವಲ್ಲ, ಆಕೆ ಬೇಕಾಗಿಯೇ ಇಲ್ಲವಲ್ಲ ಎಂದು ಚುರುಕುಬುದ್ಧಿಯವರು ಕೇಳಬಹುದು. ಗಣಕದೊಳಗಿನ ಸುಬಕ್ಕಿಗೆ ಸಿಟ್ಟು ಬರುವುದಿಲ್ಲ, ಅದು ಹಿಂದಿನ ವರ್ಷದ ಬೈಗುಳವನ್ನು ನೆನೆಯುವುದಿಲ್ಲ, ಕುಡಿದು ಬಂದು ರಾತ್ರಿ ಬದು ಕಡಿಯುವುದಿಲ್ಲ. ಮನುಷ್ಯರು ಮಾಡುತ್ತಾರೆ. ನಿನ್ನೆ ಹೊಡೆದಾಡಿದ ಇಬ್ಬರು ಇಂದು ಒಂದೇ ಜಗಲಿಯಲ್ಲಿ ಕುಳಿತು ನಾಟಿಯ ದಿನವನ್ನು ಒಪ್ಪಿಕೊಳ್ಳಬೇಕಾದರೆ, ಇಬ್ಬರಲ್ಲಿ ಯಾರದೂ ಅಲ್ಲದ ಒಂದು ಅಂಗಳ ಬೇಕು. ನೀರು ದೇವಿಯದೆಂದ ಮೇಲೆ ಬಿಟ್ಟುಕೊಟ್ಟವನು ಸೋತವನಾಗುವುದಿಲ್ಲ. ಕನ್ನಡನಾಡಿನ ಕೆರೆಗಳಲ್ಲಿ ತೂಬೆತ್ತಿ ಗದ್ದೆಗದ್ದೆಗೆ ನೀರು ಹಾಯಿಸುತ್ತಿದ್ದ ನೀರುಗಂಟಿಯೂ ಕೆರೆಯಮ್ಮನಿಗೆ ಪೂಜೆ ಸಲ್ಲಿಸಿಯೇ ತೂಬಿಗೆ ಕೈಹಾಕುತ್ತಿದ್ದ ಊರುಗಳುಂಟು. ಪೂಜೆಯ ಹೊತ್ತಿಗೆ ಊರೆಲ್ಲ ಏರಿಯ ಮೇಲೆ ನೆರೆದಿರುತ್ತದೆ. ತೂಬನ್ನು ಎಷ್ಟು ಎತ್ತಿದನೆಂಬುದನ್ನು ಎಲ್ಲರೂ ಕಾಣುತ್ತಾರೆ.

2012ರಲ್ಲಿ ಬಾಲಿಯ ಸುಬಕ್ ವ್ಯವಸ್ಥೆಯು ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಮೆಟ್ಟಿಲು ಮೆಟ್ಟಿಲಾದ ಐದು ಗದ್ದೆಬಯಲುಗಳೂ ಅವುಗಳ ನೀರಿನ ದೇವಾಲಯಗಳೂ ಸೇರಿ 19,500 ಹೆಕ್ಟೇರು. ಗೌರವವೇನೋ ದೊಡ್ಡದು. ಅದರ ಬೆನ್ನಿಗೇ ನೋಡಲು ಬರುವವರ ಗುಂಪು. ಅವರಿಗೆ ಇಳಿದುಕೊಳ್ಳಲು ಮನೆ, ಹೋಟೆಲು, ಈಜುಕೊಳ. ಹಸಿರು ಗದ್ದೆಯ ನೋಟ ಕಿಟಕಿಯಿಂದ ಕಾಣಬೇಕೆಂದು ಗದ್ದೆಯ ನಡುವೆಯೇ ಕಟ್ಟಡ ಏಳುತ್ತದೆ. ಬತ್ತದಿಂದ ಬರುವ ಆದಾಯವು ಜಮೀನಿನ ಬೆಲೆಯ ಮುಂದೆ ಲೆಕ್ಕಕ್ಕೆ ಬಾರದು. ರೈತನ ಮಗ ಹೋಟೆಲಿನಲ್ಲಿ ಕೆಲಸಕ್ಕೆ ಸೇರುತ್ತಾನೆ. ಅವನನ್ನು ಬಯ್ಯುವವರು ಅವನ ಸಂಬಳದ ದಿನ ಬಯ್ಯಲಿ.

ಹೀಗೆ ಮಾರಾಟವಾದುದು ಕಾಲುವೆಯ ತಲೆಯ ಗದ್ದೆಯಾದರೆ ಆಗುವುದೇನೆಂಬುದನ್ನು ಮೇಲಿನ ಲೆಕ್ಕದಿಂದಲೇ ತಿಳಿಯಬಹುದು. ಈಜುಕೊಳಕ್ಕೆ ಕಂದುಜಿಗಿ ಹುಳುವಿನ ಭಯವಿಲ್ಲ. ಕೆಳಗಿನವನು ಎಂದು ನಾಟಿ ಮಾಡಿದರೂ, ಮಾಡದೆ ಬಿಟ್ಟರೂ, ಅದಕ್ಕೆ ನಷ್ಟವಿಲ್ಲ. ಅದಕ್ಕೆ ಬೇಕಾದುದು ನೀರೊಂದೇ. ಸಾವಿರ ವರ್ಷ ಮೇಲಿನವನ ಕೈಯನ್ನು ತೂಬಿನ ಬಳಿ ಹಿಡಿದು ನಿಲ್ಲಿಸಿದ್ದ ಹಂಗು ಅಲ್ಲಿಗೆ ಹರಿಯಿತು. ಕೆಳಗಿನ ಸುಬಕ್ಕಿನವರು ಮುಂದಿನ ಹಂಗಾಮಿನ ದಿನ ಗೊತ್ತುಮಾಡಲು ಮಸ್ಚೇತಿಯ ಅಂಗಳಕ್ಕೆ ಹೋದಾಗ, ಆ ಹೊಸ ಒಡೆಯನಿಗೆ ಅಲ್ಲಿ ಕುಳಿತುಕೊಳ್ಳಲು ಚಾಪೆಯೂ ಇಲ್ಲ, ಬಾರದಿದ್ದರೆ ಹಾಕಲು ದಂಡವೂ ಇಲ್ಲ.